ಗಾಳಿಗೆ ಹಾರಿದ ಹಂಚು ಬದಲಾಯಿಸಿದರೂ ಸೋರುತ್ತಿದೆ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಹಳೇ ಮಂಗಳೂರು ಹಂಚಿನ ಮನೆ. ಮೊನ್ನೆ ಗಾಳಿಗೆ 3 ಹಂಚು ಅಂಗಳಕ್ಕೆ ಬಿದ್ದು ಪುಡಿಯಾದವು. ಹೊಸದು ಹಾಕಿಸಿದೆ. ಆದರೂ ಅಡುಗೆಮನೆ ಗೋಡೆ ಒದ್ದೆ. ಎಲ್ಲಿ ಹುಡುಕಲಿ?

ಉತ್ತರ 1: ಹಗಲು ಹೊತ್ತು ಅಟ್ಟ ಹತ್ತಿ, ದೀಪ ಆರಿಸಿ ಮೇಲೆ ನೋಡಿ. ಬೆಳಕು ತೂರಿದ ಕಡೆ ಹಂಚು ಸರಿದಿರುತ್ತದೆ. ಒದ್ದೆ ಜಾಗದ ನೇರಕ್ಕೇ ಹುಡುಕಬೇಡಿ, ನೀರು ರೀಪಿನ (ಹಂಚು ಕೂರುವ ಮರದ ಪಟ್ಟಿ) ಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ನೆತ್ತಿಯ ಸಾಲಿನ ಗಾರೆಯನ್ನೂ ನೋಡಿ. ನಮ್ಮಲ್ಲಿ ಕಳ್ಳ ಸಿಕ್ಕಿದ್ದು ಅಲ್ಲೇ.

ಉತ್ತರ 2: ಹೊಸ ಹಂಚು ಬೇರೆ ಕಾರ್ಖಾನೆಯದ್ದಾ? ಹಂಚಿನ ಮೇಲಿನ ಮುದ್ರೆ ನೋಡಿ. ಅಚ್ಚು ಬೇರೆಯಾದರೆ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಮಳೆಯಲ್ಲಿ ಪಾಚಿ ಕಟ್ಟಿದ ಚಾವಣಿಗೆ ಹತ್ತಬೇಡಿ ಮಾರಾಯ್ರೇ!

ಕೇಳಿದವರು: ಹೌದು, ಮುದ್ರೆ ಬೇರೆ! ಬೆರಳು ತೂರುವಷ್ಟು ಸಂದು. ಕೊಟ್ಟಿಗೆಯ ಹಳೇ ಹಂಚು ಮನೆಗೆ ತರುತ್ತೇನೆ, ದನಗಳಿಗೆ ತಗಡು.