ಪದಚರ್ಚೆ: ‘ಬಂಜೆತನ’ಕ್ಕೆ ಬದಲಿ ಪದ, ಮತ್ತು ‘ನಿಲ್ಲು’ ತರುವ ತೊಡಕು

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ಮಗುವಿಗಾಗಿ ಪರೀಕ್ಷೆ, ಚಿಕಿತ್ಸೆಗೆ ಬರುವ ದಂಪತಿಗಳ ಕೈಗೆ ಕೊಡುವ ಮಾಹಿತಿ ಪತ್ರವೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಮೂರು ಕಡೆ ಪದ ಕೂಡಿಬರುತ್ತಿಲ್ಲ. ಮೊದಲನೆಯದು ಇನ್‌ಫರ್ಟಿಲಿಟಿ. ‘ಬಂಜೆತನ’ ಎಲ್ಲರಿಗೂ ಗೊತ್ತಿರುವ ಪದ, ಆದರೆ ‘ಪುರುಷ ಬಂಜೆತನ’ ಕಿವಿಗೆ ಒರಟು. ‘ಸಂತಾನಹೀನತೆ’ ಎನ್ನಬಹುದೇ? ಎರಡನೆಯದು ಓವ್ಯುಲೇಷನ್, ಅಂದರೆ ಅಂಡಾಶಯದಿಂದ ಅಂಡ ಹೊರಬರುವುದು. ‘ಅಂಡೋತ್ಪತ್ತಿ’, ‘ಅಂಡೋತ್ಸರ್ಗ’ ಎರಡೂ ಬಳಕೆಯಲ್ಲಿವೆ, ಯಾವುದು ಸರಿ? ಮೂರನೆಯದು ಐವಿಎಫ್‌ನ (ಅಂಡ, ವೀರ್ಯಾಣುಗಳನ್ನು ಮೈಯ ಹೊರಗೆ ಕೂಡಿಸುವ ಚಿಕಿತ್ಸೆ) ಎಂಬ್ರಿಯೊ ಟ್ರಾನ್ಸ್‌ಫರ್. ‘ಭ್ರೂಣ ವರ್ಗಾವಣೆ’ ಎಂದರೆ ಸರ್ಕಾರಿ ಆದೇಶದ ವಾಸನೆ ಹೊಡೆಯುತ್ತದೆ. ‘ಭ್ರೂಣ ನಾಟಿ’ ಎಂದರೆ ಆದೀತೇ?

ಉತ್ತರ 1

‘ಬಂಜೆ’ ಸಂಸ್ಕೃತದ ‘ವಂಧ್ಯಾ’ದ ತದ್ಭವ. ‘ಸಂಧ್ಯಾ’ ಸಂಜೆಯಾದ ಹಾದಿಯಲ್ಲೇ ಇದೂ ಬಂದಿದೆ. ಪದ ಹುಟ್ಟಿದ್ದೇ ಸ್ತ್ರೀಲಿಂಗದಲ್ಲಿ. ‘ತನ’ ಹಚ್ಚಿದರೂ ಹೆಣ್ಣಿನ ಮೇಲೆ ಬೊಟ್ಟು ಮಾಡುವುದು ತಪ್ಪುವುದಿಲ್ಲ. ಕಿವಿಯ ಮಾತು ಹಾಗಿರಲಿ, ಇದರಿಂದ ಕೆಲಸವೂ ಕೆಡುತ್ತದೆ. ಗರ್ಭ ಕಟ್ಟದ ಜೋಡಿಗಳಲ್ಲಿ ಸರಿಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣ, ಅದೊಂದೇ ಆಗಿಯೋ ಹೆಣ್ಣಿನ ಕಡೆಯ ಕಾರಣದ ಜೊತೆಗೋ, ಇದ್ದೇ ಇರುತ್ತದೆ. ತಲೆಬರಹದಲ್ಲಿ ‘ಬಂಜೆತನ’ ಕಂಡ ಗಂಡ ಹಾಳೆಯನ್ನು ಹೆಂಡತಿಯ ಕೈಗೆ ದಾಟಿಸುತ್ತಾನೆ. ಚುಚ್ಚದೆ ಕೊಯ್ಯದೆ ಮುಗಿಯುವ ವೀರ್ಯ ಪರೀಕ್ಷೆ, ಮೊದಲು ಆಗಬೇಕಾದದ್ದು, ಕೊನೆಗೆ ಬೀಳುತ್ತದೆ.

‘ಸಂತಾನಹೀನತೆ’ ಬೇಡ. ಅದು ಮಕ್ಕಳಿಲ್ಲದ ಸ್ಥಿತಿಯನ್ನು ಹೇಳುತ್ತದೆ, ತೊಂದರೆಯನ್ನಲ್ಲ. ಒಂದು ಮಗುವಾಗಿ ಎರಡನೆಯದಕ್ಕೆ ವರ್ಷಗಟ್ಟಲೆ ಕಾಯುತ್ತಿರುವವರು ಸಂತಾನಹೀನರೇ? ಅವರಿಗೂ ಇದೇ ಪರೀಕ್ಷೆಗಳು ಬೇಕು. ‘ನಪುಂಸಕತ್ವ’ವನ್ನಂತೂ ಹತ್ತಿರ ಸೇರಿಸಬೇಡಿ. ಅದು ಲೈಂಗಿಕ ಸಾಮರ್ಥ್ಯದ ಮಾತು. ಆ ಸಾಮರ್ಥ್ಯದಲ್ಲಿ ಯಾವ ಕೊರತೆಯೂ ಇಲ್ಲದ ಗಂಡಸಿನ ವೀರ್ಯದಲ್ಲೂ ಒಂದೇ ಒಂದು ವೀರ್ಯಾಣು ಇಲ್ಲದಿರಬಹುದು. ತಲೆಬರಹಕ್ಕೆ ‘ಗರ್ಭಧಾರಣೆಯ ತೊಂದರೆ’ ಸಾಕು. ಹುಡುಕುವವರಿಗೆ ಸಿಗಲೆಂದು ಮೊದಲ ಸಾಲಿನಲ್ಲಿ ಒಮ್ಮೆ ಮಾತ್ರ ‘ಬಂಜೆತನ’ ಇರಲಿ.

ವ್ಯಾಖ್ಯೆಯ ಸಾಲಿನಲ್ಲೂ ಒಂದು ಹೊಂಡವಿದೆ. ‘ಹನ್ನೆರಡು ತಿಂಗಳ ಅಸುರಕ್ಷಿತ ಲೈಂಗಿಕ ಸಂಪರ್ಕ’ ಎಂದು ಅನುವಾದಿಸಿಬಿಡುತ್ತಾರೆ. ‘ಅಸುರಕ್ಷಿತ’ ಎಂದರೆ ಕನ್ನಡಿಗರ ಕಣ್ಣಿಗೆ ಏಡ್ಸ್ ಜಾಗೃತಿಯ ಭಿತ್ತಿಪತ್ರ ಬರುತ್ತದೆ. ‘ಗರ್ಭನಿರೋಧಕ ಯಾವುದನ್ನೂ ಬಳಸದೆ, ನಿಯಮಿತವಾಗಿ ಕೂಡಿಯೂ 12 ತಿಂಗಳಲ್ಲಿ ಗರ್ಭ ಕಟ್ಟದಿದ್ದರೆ’ ಎಂದು ಬರೆಯಿರಿ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ಪರೀಕ್ಷೆ ಶುರುಮಾಡಬೇಕೆಂಬುದು ಅದೇ ವಾಕ್ಯದ ಬೆನ್ನಿಗೇ ಬರಲಿ. ಅಡಿಟಿಪ್ಪಣಿಗೆ ಹೋದರೆ ಯಾರೂ ಓದುವುದಿಲ್ಲ.

ಉತ್ತರ 2

‘ಗರ್ಭ ಕಟ್ಟದಿದ್ದರೆ’ ಎಂದದ್ದು ಒಳ್ಳೆಯದಾಯಿತು. ಆಡುಮಾತಿನ ‘ಗರ್ಭ ನಿಲ್ಲುತ್ತಿಲ್ಲ’ ಬಂದಿದ್ದರೆ ಜಗಳಕ್ಕೆ ನಿಲ್ಲಬೇಕಾಗುತ್ತಿತ್ತು. ಗರ್ಭ ಕಟ್ಟುತ್ತಲೇ ಇಲ್ಲ ಎಂಬುದಕ್ಕೂ, ಕಟ್ಟಿ ಮತ್ತೆ ಮತ್ತೆ ಹೋಗುತ್ತಿದೆ ಎಂಬುದಕ್ಕೂ ಅದೇ ಮಾತು. ಎರಡರ ತನಿಖೆ ಬೇರೆ. ಮೊದಲನೆಯದರಲ್ಲಿ ನೋಡುವುದು ವೀರ್ಯಾಣು, ಅಂಡದ ಬಿಡುಗಡೆ, ಅಂಡ ಸಾಗುವ ನಾಳಗಳು. ಎರಡನೆಯದರಲ್ಲಿ ಗಂಡಹೆಂಡಿರ ಕ್ರೋಮೊಸೋಮು, ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಬಾಡಿಗಳು, ಗರ್ಭಕೋಶದೊಳಗಿನ ಅಡ್ಡಗೋಡೆ, ಥೈರಾಯ್ಡ್. ಪ್ರಶ್ನಾವಳಿಯಲ್ಲಿ ‘ಗರ್ಭ ನಿಲ್ಲುತ್ತಿಲ್ಲವೇ? ಹೌದು/ಇಲ್ಲ’ ಎಂದು ಕೇಳಿದರೆ ಉತ್ತರಕ್ಕೆ ಕವಡೆ ಕಿಮ್ಮತ್ತಿಲ್ಲ. ‘ಒಮ್ಮೆಯಾದರೂ ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದಿತ್ತೇ?’ ಎಂದು ಕೇಳಿ.

ಇದಕ್ಕಿಂತ ದೊಡ್ಡ ಗೊಂದಲ ‘ಮುಟ್ಟು ನಿಂತಿತು’. ಈ ತಿಂಗಳ ರಕ್ತಸ್ರಾವ ಮುಗಿಯಿತು, ಈ ತಿಂಗಳು ಮುಟ್ಟೇ ಆಗಲಿಲ್ಲ, ಮುಟ್ಟಿನ ವಯಸ್ಸೇ ಮುಗಿಯಿತು, ಮೂರಕ್ಕೂ ಇದೇ. ನಾಳಗಳು ತೆರೆದಿವೆಯೇ ಎಂದು ಎಕ್ಸ್‌ರೇಯಲ್ಲಿ ಎದ್ದುಕಾಣುವ ದ್ರವ ಬಿಟ್ಟು ಚಿತ್ರ ತೆಗೆಯುವ ಎಚ್‌ಎಸ್‌ಜಿಗೆ ‘ಮುಟ್ಟು ನಿಂತ ಮೇಲೆ ಬನ್ನಿ’ ಎಂದು ಬರೆದರೆ, ಮುಟ್ಟು ತಪ್ಪಿದ ಮೇಲೆ ಬರಬೇಕೆಂದು ಓದಿಕೊಳ್ಳುವವರಿದ್ದಾರೆ. ಮುಟ್ಟು ತಪ್ಪಿದ್ದರೆ ಒಳಗೆ ಗರ್ಭವಿರಬಹುದು, ಆಗ ಆ ಪರೀಕ್ಷೆ ಮಾಡಲೇಬಾರದು! ‘ರಕ್ತ ಪೂರ್ತಿ ಮುಗಿದ ಮೇಲೆ, ಅಂಡ ಬಿಡುಗಡೆಯಾಗುವ ಮೊದಲು, 28 ದಿನದ ಚಕ್ರವಿದ್ದರೆ 6ರಿಂದ 10ನೇ ದಿನದೊಳಗೆ’ ಎಂದು ಬಿಡಿಸಿ ಹೇಳಿ.

ದಿನ ಎಣಿಸುವುದು ಎಲ್ಲಿಂದ ಎಂಬುದನ್ನು ಪತ್ರದ ಮೊದಲ ಪುಟದಲ್ಲೇ ಹಾಕಿ: ಮುಟ್ಟಿನ ರಕ್ತ ಚೆನ್ನಾಗಿ ಹರಿಯಲು ಶುರುವಾದ ದಿನ 1. ಅದಕ್ಕೆ ಮುಂಚಿನ ಕಂದು ಕಲೆ, ಒಂದೆರಡು ಹನಿ ಲೆಕ್ಕಕ್ಕಿಲ್ಲ. ಅಂಡಾಶಯದ ಸ್ಥಿತಿ ತಿಳಿಸುವ ಎಫ್‌ಎಸ್‌ಎಚ್, ಎಸ್ಟ್ರಡಯಾಲ್ ಹಾರ್ಮೋನುಗಳ ಪರೀಕ್ಷೆಗೆ ರಕ್ತ ಕೊಡುವುದು 2ರಿಂದ 4ನೇ ದಿನದಲ್ಲಿ. ರಕ್ತ ನಿಂತಲ್ಲಿಂದ ಎಣಿಸಿದವರ ‘2ನೇ ದಿನ’ ನಿಜಕ್ಕೂ 6 ಅಥವಾ 7 ಆಗಿರುತ್ತದೆ. ಅಷ್ಟರಲ್ಲಿ ಬೆಳೆಯುತ್ತಿರುವ ಕೋಶಕ (ಅಂಡವಿರುವ ಪುಟ್ಟ ಚೀಲ) ಎಸ್ಟ್ರಡಯಾಲ್ ಏರಿಸಿ ಎಫ್‌ಎಸ್‌ಎಚ್ ಅನ್ನು ತಗ್ಗಿಸಿರುತ್ತದೆ. ಎಫ್‌ಎಸ್‌ಎಚ್ ಕಡಿಮೆ ಕಂಡದ್ದರಿಂದ ವರದಿ ಚೆನ್ನಾಗಿದೆಯೆಂದು ಕಾಣುತ್ತದೆ, ಅಂಡಾಶಯದ ಸ್ಥಿತಿ ಹಾಗಿರುವುದಿಲ್ಲ. ಉಳಿದಿರುವ ಅಂಡಗಳನ್ನು ಅಂದಾಜಿಸುವ ಎಎಂಎಚ್ ಪರೀಕ್ಷೆಗೆ ಮಾತ್ರ ಈ ದಿನದ ಕಟ್ಟುಪಾಡು ಇಲ್ಲ.

‘ಇಪ್ಪತ್ತೊಂದನೇ ದಿನದ ಪ್ರೊಜೆಸ್ಟರಾನ್’ ಎಂಬ ಹೆಸರಿನ ಬಗ್ಗೆಯೂ ಹುಷಾರು. ಅಂಡ ಬಿಡುಗಡೆಯಾದ ಮೇಲೆ ಏರುವ ಹಾರ್ಮೋನಿನ ಪರೀಕ್ಷೆ ಅದು. 21 ಸರಿಯಾಗುವುದು 28 ದಿನದ ಚಕ್ರಕ್ಕಷ್ಟೇ. ನೋಡಬೇಕಾದದ್ದು ಮುಂದಿನ ಮುಟ್ಟಿಗೆ 7 ದಿನ ಮೊದಲು. 35 ದಿನದ ಚಕ್ರದವರಿಗೆ ಅದು 28ನೇ ದಿನ. ಅವರು 21ಕ್ಕೇ ರಕ್ತ ಕೊಟ್ಟರೆ ಅಂಡ ಆಗಷ್ಟೇ ಹೊರಬರುತ್ತಿರುತ್ತದೆ, ಪ್ರೊಜೆಸ್ಟರಾನ್ ಇನ್ನೂ ಏರಿರುವುದಿಲ್ಲ. ‘ಅಂಡ ಬಿಡುಗಡೆಯಾಗಿಲ್ಲ’ ಎಂಬ ಷರಾ ಬಿದ್ದು, ಬೇಡದ ಮಾತ್ರೆ ಶುರುವಾಗುತ್ತದೆ. ಕನ್ನಡದಲ್ಲಿ ‘ಮುಟ್ಟಿಗೆ ಒಂದು ವಾರ ಮುಂಚಿನ ಪ್ರೊಜೆಸ್ಟರಾನ್’ ಎಂದೇ ಹೆಸರಿಡಿ. ಉದ್ದವಾಯಿತು ನಿಜ, ಹೆಸರಲ್ಲೇ ಸೂಚನೆ ಇದ್ದಂತಾಯಿತು.

ಇನ್ನು ‘ಅಂಡೋತ್ಪತ್ತಿ’. ಉತ್ಪತ್ತಿಯೆಂದರೆ ಹುಟ್ಟಿಸುವುದು. ಹೆಣ್ಣುಮಗುವಿನ ಅಂಡಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಹುಟ್ಟಿ ಮುಗಿದಿರುತ್ತವೆ: ಜನನದ ಹೊತ್ತಿಗೆ 10ರಿಂದ 20 ಲಕ್ಷ, ಮೈನೆರೆಯುವ ವೇಳೆಗೆ 3–4 ಲಕ್ಷ, ಜೀವಮಾನದಲ್ಲಿ ಹೊರಬರುವುದು 400ರ ಆಸುಪಾಸು. ತಿಂಗಳಿಗೊಮ್ಮೆ ಆಗುವುದು ಬಿಡುಗಡೆ, ಉತ್ಪತ್ತಿಯಲ್ಲ. ‘ಅಂಡೋತ್ಪತ್ತಿ ಕಡಿಮೆ’ ಎಂದು ಓದಿದವರು ಅಂಡ ಹೆಚ್ಚಿಸುವ ಔಷಧ ಕೇಳುವುದು ಸಹಜ, ಅಂಥ ಔಷಧವಿಲ್ಲ. ಲೆಟ್ರೊಜೋಲ್ ಮಾತ್ರೆ ಮಾಡುವುದು ಇರುವ ಅಂಡವನ್ನು ಬೆಳೆಸಿ ಹೊರಬರುವಂತೆ ನೂಕುವ ಕೆಲಸ. ‘ಅಂಡೋತ್ಸರ್ಗ’ ಅರ್ಥಕ್ಕೆ ಸರಿ, ಆದರೆ ನಾಲಿಗೆಗೆ ಭಾರ. ‘ಅಂಡ ಬಿಡುಗಡೆ’ಗೆ ನನ್ನ ಮತ.

ಉತ್ತರ 3

ಮೇಲಿನದಕ್ಕೆಲ್ಲ ಒಪ್ಪಿಗೆ. ‘ನಾಟಿ’ಯ ಬಗ್ಗೆ ಮಾತ್ರ ತಕರಾರು. ನಾಟಿ ಮಾಡುವವನು ಸಸಿಯನ್ನು ಮಣ್ಣಿಗೆ ಊರಿ ಬರುತ್ತಾನೆ. ಇಲ್ಲಿ ವೈದ್ಯರು 3ನೇ ಅಥವಾ 5ನೇ ದಿನದ ಭ್ರೂಣವನ್ನು ಮೆದು ನಳಿಕೆಯಿಂದ ಗರ್ಭಕೋಶದೊಳಗೆ ಬಿಡುತ್ತಾರೆ, ಅಷ್ಟೇ. ಒಳಪದರಕ್ಕೆ ಅಂಟಿ ಬೇರೂರುವುದು ಭ್ರೂಣದ ಪಾಲಿನ ಕೆಲಸ, ಅದನ್ನು ಯಾರ ಕೈಯೂ ಮಾಡಿಸಲಾರದು. ‘ನಾಟಿ ಆಯಿತು’ ಎಂದು ಕೇಳಿಸಿಕೊಂಡು ಮನೆಗೆ ಹೋದವರಿಗೆ ಎರಡು ವಾರದ ಮೇಲೆ ನೆಗೆಟಿವ್ ಬಂದರೆ, ನೆಟ್ಟದ್ದು ಕಿತ್ತುಬಂತು, ಮೆಟ್ಟಿಲು ಹತ್ತಿದ್ದರಿಂದಲೋ ಕೆಮ್ಮಿದ್ದರಿಂದಲೋ ಬಿದ್ದುಹೋಯಿತು ಎಂಬ ಕೊರಗು ಹತ್ತುತ್ತದೆ. ವೈದ್ಯರ ಕೆಲಸಕ್ಕೆ ‘ಭ್ರೂಣ ಬಿಡುವುದು’, ಭ್ರೂಣದ ಕೆಲಸಕ್ಕೆ ‘ಬೇರೂರುವುದು’ ಎಂದು ಎರಡು ಪದ ಇಟ್ಟುಕೊಂಡರೆ ಅರ್ಧ ತಪ್ಪಿತಸ್ಥ ಭಾವ ಅಲ್ಲೇ ಇಳಿಯುತ್ತದೆ.

ಅದೇ ಪುಟದಲ್ಲಿ ಇನ್ನೊಂದು ಸಾಲು ಸೇರಿಸಿ. ಅಂಡ ಪಕ್ವವಾಗಲು ಕೊಡುವ ಎಚ್‌ಸಿಜಿ (ಪ್ರೆಗ್ನೆನ್ಸಿ ಟೆಸ್ಟ್ ಹುಡುಕುವ ಹಾರ್ಮೋನೇ) ಚುಚ್ಚುಮದ್ದು ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಮೂಡಿಸುತ್ತದೆ. ಅದರ ಅಂಶ ಮೈಯಿಂದ ಪೂರ್ತಿ ಹೋಗಲು 10–14 ದಿನ ಬೇಕಾಗಬಹುದು. ಅವಸರಪಟ್ಟು ನೋಡಿದ ಗೆರೆಯನ್ನು ನಂಬುವಂತಿಲ್ಲ.

‘ವೀರ್ಯ’ ಮತ್ತು ‘ವೀರ್ಯಾಣು’ ಕಲಸದಂತೆ ನೋಡಿಕೊಳ್ಳಿ. ವೀರ್ಯ ದ್ರವ, ಅದರಲ್ಲಿ ಈಜುವ ಕಣ ವೀರ್ಯಾಣು. ‘ವೀರ್ಯ ಇಲ್ಲ’ ಎಂದರೆ ದ್ರವವೇ ಹೊರಬರುತ್ತಿಲ್ಲ. ‘ವೀರ್ಯಾಣು ಇಲ್ಲ’ ಎಂದರೆ ದ್ರವವಿದೆ, ಕಣವಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ. ಎರಡನೆಯದನ್ನು ಬರೆಯುವ ಮುನ್ನ ಪ್ರಯೋಗಾಲಯ ಮಾದರಿಯನ್ನು ಯಂತ್ರದಲ್ಲಿ ತಿರುಗಿಸಿ, ತಳಕ್ಕೆ ಕೂತ ಗಸಿಯನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿರಬೇಕು, ಬೇರೆ ದಿನ ಇನ್ನೊಂದು ಮಾದರಿಯನ್ನೂ ನೋಡಿರಬೇಕು. ‘ವೀರ್ಯ ದುರ್ಬಲ’ ಎಂಬುದು ವರದಿಯ ಭಾಷೆಯಲ್ಲ, ಬೈಗುಳ. ವೀರ್ಯಕ್ಕೆ ಪರಾಕ್ರಮವೆಂಬ ಅರ್ಥವೂ ಇದೆಯಲ್ಲ! ‘ವೀರ್ಯಾಣುವಿನ ಚಲನೆ ಕಡಿಮೆ’ ಎನ್ನಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಅಂಕಿಗಳನ್ನು (ಮಿಲಿಲೀಟರಿಗೆ 1.6 ಕೋಟಿ, ಒಟ್ಟು ಚಲನೆ ಶೇ 42, ಸರಿಯಾದ ಆಕಾರ ಶೇ 4) ಕೊಡುವಾಗ ‘ಸಾಮಾನ್ಯ ಮಟ್ಟ’ ಎಂದು ಬರೆಯಬೇಡಿ. ಒಂದು ವರ್ಷದೊಳಗೆ ಸಂಗಾತಿ ಗರ್ಭ ಧರಿಸಿದ ಗಂಡಸರಲ್ಲೇ ನೂರಕ್ಕೆ ಐವರು ಈ ಗೆರೆಗಿಂತ ಕೆಳಗಿದ್ದರು. ಅದು ‘ಕೆಳಗಿನ ಉಲ್ಲೇಖ ಗೆರೆ’. ಗೆರೆಯ ಕೆಳಗಿದ್ದ ಮಾತ್ರಕ್ಕೆ ಆಗುವುದೇ ಇಲ್ಲವೆಂದಲ್ಲ, ಮೇಲಿದ್ದರೆ ಖಾತ್ರಿಯೂ ಅಲ್ಲ.

ಮಾದರಿ ಕೊಡುವ ಸೂಚನೆಯಲ್ಲಿ ‘ಬ್ರಹ್ಮಚರ್ಯ’ ಎಂಬ ಪದ ಕಂಡರೆ ಹೊಡೆದುಹಾಕಿ. ‘ಹಿಂದಿನ ಸ್ಖಲನದಿಂದ ಕಡಿಮೆಯೆಂದರೆ 2 ದಿನ, ಹೆಚ್ಚೆಂದರೆ 7 ದಿನ ಆಗಿರಲಿ’ ಎಂದರೆ ಸಾಕು. ಬ್ರಹ್ಮಚರ್ಯ ಹೆಚ್ಚಾದಷ್ಟೂ ಒಳ್ಳೆಯದೆಂದು ತಿಂಗಳು ತಡೆದು ಬಂದರೆ ಹಳೆಯ, ಸತ್ತ ವೀರ್ಯಾಣುಗಳು ಸೇರಿ ಚಲನೆಯ ಲೆಕ್ಕ ಕೆಡುತ್ತದೆ. ಮೊದಲ ಹನಿಗಳು ಡಬ್ಬಿಯ ಹೊರಗೆ ಬಿದ್ದರೆ ಹೇಳಲೇಬೇಕು, ವೀರ್ಯಾಣು ಹೆಚ್ಚಿರುವುದು ಅದರಲ್ಲೇ. ಸಾದಾ ಕಾಂಡೋಮ್, ಜಾರುಕ (ಲೂಬ್ರಿಕೆಂಟ್), ಎಂಜಲು ಕೂಡದು. ಮನೆಯಲ್ಲಿ ತೆಗೆದರೆ ಡಬ್ಬಿಯನ್ನು ಮೈಗೆ ತಾಗಿಸಿ ಬೆಚ್ಚಗಿಟ್ಟುಕೊಂಡು ಒಂದು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು.

ಕೊನೆಯದಾಗಿ ‘ಅಂಡಕೋಶ’. ಓವರಿಗೆ ಇದನ್ನು ಬಳಸುವವರಿದ್ದಾರೆ, ಆದರೆ ಸಂಸ್ಕೃತದಲ್ಲಿ ಇದು ವೃಷಣದ ಚೀಲ. ‘ಅಂಡವಾಯು’ ಗಂಡಸರ ತೊಂದರೆಯಾದದ್ದೂ ಹಾಗೆಯೇ. ಹೆಂಡತಿಗೆ ‘ಅಂಡಾಶಯ’, ಗಂಡನಿಗೆ ‘ವೃಷಣ’. ಸ್ಕ್ಯಾನಿಂಗ್ ಚೀಟಿಯಲ್ಲಿ ಬೇರೆ ಯಾವುದನ್ನೂ ಹಾಕಬೇಡಿ.