ಹೋಟೆಲ್ ಅಂದರೆ ಉಣ್ಣುವುದೋ, ಉಳಿಯುವುದೋ?

ಎಲ್ಲರಿಗೂ ನಮಸ್ಕಾರ.

ಉಳಿಯುವ ಹೋಟೆಲಿಗೆ ಒಂದು ಕನ್ನಡ ಪದ ಬೇಕಾಗಿದೆ. ಕಾರವಾರದಲ್ಲಿ ಡಿಗ್ರಿ ಓದುತ್ತಿರುವ ನನ್ನ ಅಕ್ಕನ ಮಗಳು ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದಿದ್ದಾಳೆ. ತಲೆಬರಹ ‘ಜಗತ್ತಿನ ವಿಚಿತ್ರ ಹೋಟೆಲುಗಳು’. ರಜೆಗೆ ಶಿರಸಿಗೆ ಬಂದವಳು ಜಗಲಿಯಲ್ಲಿ ಕೂತು ಅದನ್ನು ನಮ್ಮ ಆಯಿಗೆ ಓದಿ ಹೇಳಿದಳು. ಮೊದಲನೆಯದೇ ಸ್ವೀಡನ್ನಿನ ಐಸ್ ಹೋಟೆಲ್. ಆಯಿ ಅಡಿಕೆ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು: “ಕೂಸೇ, ಅಲ್ಲಿ ತಿಂಡಿ ಎಂತ ಸಿಗ್ತು? ಐಸ್‌ಕ್ರೀಮ್ ಒಂದೇಯಾ?”

ಆಯಿಯದೇನೂ ತಪ್ಪಿಲ್ಲ. ನಮ್ಮ ಕಡೆ ‘ಹೋಟ್ಲು’ ಅಂದರೆ ತಿನ್ನುವ ಜಾಗ. ‘ಅವನು ಹೋಟ್ಲು ಇಟ್ಟ’ ಅಂದರೆ ಬನ್ಸ್, ಚಾ ಶುರುಮಾಡಿದ ಅಂತಲೇ ಅರ್ಥ. ಮಲಗುವುದಕ್ಕೆ ಲಾಡ್ಜ್. ಇದು ನನಗೂ ಒಮ್ಮೆ ಚೆನ್ನಾಗಿ ಗೊತ್ತಾಗಿದೆ. ಕಾರವಾರದಲ್ಲಿ ಶಿರಸಿಯ ಕೊನೆಯ ಬಸ್ಸು ತಪ್ಪಿತ್ತು. ಆಟೋದವನಿಗೆ ‘ಒಂದು ಒಳ್ಳೆ ಹೋಟೆಲಿಗೆ ಬಿಡಿ’ ಎಂದೆ. ಅವನು ನಿಯತ್ತಾಗಿ ಮೀನೂಟದ ಹೋಟೆಲೊಂದರ ಮುಂದೆ ನಿಲ್ಲಿಸಿದ. ಒಳಗೆ ಕುರ್ಚಿಗಳನ್ನು ಟೇಬಲ್ ಮೇಲೆ ಕವುಚಿ ನೆಲ ಒರೆಸುತ್ತಿದ್ದರು. ನನಗೆ ಬೇಕಿದ್ದದ್ದು ರೂಮು ಅಂದಾಗ, “ಹಾಗಾದ್ರೆ ಲಾಡ್ಜ್ ಅನ್ಬೇಕಲ್ರಾ!” ಅಂತ ನನಗೇ ಪಾಠ ಮಾಡಿದ.

ಹಾಗಂತ ‘ವಿಚಿತ್ರ ಲಾಡ್ಜುಗಳು’ ಅಂತ ಬರೆಯೋಕಾಗುತ್ತಾ? ಕಾಲೇಜಿನ ಸಂಚಿಕೆ, ಬೇಡ. ಆ ಪದಕ್ಕೆ ಆಗಲೇ ಒಂದು ಬಣ್ಣ ಅಂಟಿದೆ.

ಪದಕೋಶದವರು ‘ವಸತಿಗೃಹ’ ಅನ್ನುತ್ತಾರೆ. ಆದರೆ ಬೋರ್ಡುಗಳಲ್ಲಿ ನಾವು ನೋಡುವುದು ‘ಪೊಲೀಸ್ ವಸತಿಗೃಹ’, ಅಂದರೆ ಕ್ವಾರ್ಟರ್ಸ್. ‘ತಂಗುದಾಣ’ ಚೆಂದದ ಪದವೇ, ಆದರೆ ಅದನ್ನು ಬಸ್ ಸ್ಟಾಪಿಗೆ ಕೊಟ್ಟುಬಿಟ್ಟಿದ್ದೇವೆ. ‘ಪ್ರವಾಸಿ ಮಂದಿರ’ ಅಂದರೆ ಐಬಿ, ಅಲ್ಲಿ ಸಾಹೇಬರು ಇಳಿಯುತ್ತಾರೆ. ಛತ್ರದಲ್ಲಿ ಮದುವೆ.

ಈಗ ಆ ಐಸ್ ಹೋಟೆಲನ್ನೇ ನೋಡಿ. ಊರಿನ ಹೆಸರು ಯುಕ್ಕಾಸ್‌ಯಾರ್ವಿ, ಸ್ವೀಡನ್ನಿನ ಉತ್ತರದ ತುದಿಯ ಕಡೆ. ಅಲ್ಲಿ ಟೊರ್ನೆ ಎಂಬ ಹೊಳೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ವಸಂತ ಬರುವ ಮೊದಲೇ ಅದರಿಂದ ದೊಡ್ಡ ದೊಡ್ಡ ಗಡ್ಡೆ ಕೊಯ್ದು, ತಣ್ಣಗಿನ ಗೋದಾಮಿನಲ್ಲಿಟ್ಟು, ಮುಂದಿನ ಚಳಿಗಾಲಕ್ಕೆ ಕೋಣೆ ಕಟ್ಟುತ್ತಾರೆ. ಮಂಚವೂ ಐಸೇ. ಅದರ ಮೇಲೆ ಹಾಸಿಗೆ, ಹಿಮಸಾರಂಗದ ಚರ್ಮ, ನಾವು ತೂರಿಕೊಳ್ಳಲು ದಪ್ಪ ಚೀಲ. ಕೋಣೆಯೊಳಗೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಹೊರಗಿನ ಚಳಿಗೆ ಹೋಲಿಸಿದರೆ ಅದೇ ಬೆಚ್ಚಗೆ! ಬೇಸಿಗೆಗೆ ಎಲ್ಲ ಕರಗಿ ಹೊಳೆಗೆ ವಾಪಸ್. 1989ರಲ್ಲಿ ಶುರುವಾದದ್ದು, ಪ್ರತಿ ವರ್ಷ ಹೊಸದಾಗಿ ಕಟ್ಟುತ್ತಾರೆ. 2016ರಿಂದ ಒಂದು ಭಾಗವನ್ನು ಸೌರವಿದ್ಯುತ್ತಿನಲ್ಲಿ ತಣ್ಣಗಿಟ್ಟು ವರ್ಷವಿಡೀ ನಡೆಸುತ್ತಾರೆ. ಬೆಳಿಗ್ಗೆ ಹಾಸಿಗೆಗೇ ಬಿಸಿ ಹಣ್ಣಿನ ರಸ ತಂದುಕೊಡುತ್ತಾರೆ ಎಂದು ಆಯಿಗೆ ಹೇಳಿದೆ. “ಚಾ ಇಲ್ಯ?” ಅಂದಳು.

ಇಲ್ಲಿ ಇನ್ನೂ ಒಂದು ತೊಡಕಿದೆ. ಹುಡುಗಿ ‘ಮಂಜಿನ ಹೋಟೆಲ್’ ಅಂತ ಬರೆದಿದ್ದಾಳೆ. ಶಿರಸಿಯಲ್ಲಿ ಮಂಜು ಅಂದರೆ ಬೆಳಗಿನ ಹೊತ್ತು ತೋಟದ ಮೇಲೆ ಕವಿಯುವುದು. ಯಾಣದ ರಸ್ತೆಯ ಯಾವ ಚಾದಂಗಡಿಯೂ ಡಿಸೆಂಬರಿನಲ್ಲಿ ಮಂಜಿನ ಹೋಟೆಲೇ. ಕಾರವಾರದ ಮೀನುಪೇಟೆಯಲ್ಲಾದರೆ ‘ಬರ್ಫ’ ಅಂತ ಒಂದೇ ಏಟಿಗೆ ಹೇಳುತ್ತಾರೆ. ಅದನ್ನು ಬರೆದರೆ ಘಟ್ಟದ ಮೇಲಿನವರಿಗೆ ಮೀನಿನ ವಾಸನೆ ಬಂದೀತು! ಆ ಹೋಟೆಲಿನವರು ಹಿಮ ಮತ್ತು ಗಡ್ಡೆ ಕಲಸಿ ಗೋಡೆಗೆ ಮೆತ್ತುವ ಪಾಕಕ್ಕೆ ‘ಸ್ನೈಸ್’ ಅನ್ನುತ್ತಾರೆ. ಸ್ನೋ, ಐಸ್ ಎರಡನ್ನೂ ಜೋಡಿಸಿದ ಪದ. ಹುಡುಗಿ ಅದೇ ಥರ ಹಿಮ, ಮಂಜು ಸೇರಿಸಿ ‘ಹಿಂಜು’ ಮಾಡಿದ್ದಾಳೆ. ಹತ್ತಿ ಹಿಂಜುವುದು ನೆನಪಾಗಿ ನಗು ಬಂತು. ನಾನು ಸುಮ್ನೆ ‘ಹಿಮಗಾರೆ’ ಅಂತ ತಿದ್ದಿದೆ. ಗಾರೆಯ ಕೆಲಸವನ್ನೇ ಅಲ್ವಾ ಅದು ಮಾಡುವುದು?

ಫ್ಲೋರಿಡಾದ ಕೀ ಲಾರ್ಗೋದಲ್ಲಿ ನೀರಿನೊಳಗೇ ಒಂದಿದೆ, ಜೂಲ್ಸ್ ಅಂಡರ್‌ಸೀ ಲಾಡ್ಜ್. ಮೊದಲು ಸಮುದ್ರ ಸಂಶೋಧನೆಯ ಪ್ರಯೋಗಾಲಯವಾಗಿತ್ತು, 1986ರಿಂದ ಅತಿಥಿಗಳಿಗೆ ತೆರೆದಿದೆ. ನಮ್ಮ ನೇತ್ರಾಣಿ ದ್ವೀಪದಲ್ಲಿ ಧುಮುಕುತ್ತಾರಲ್ಲ, ಹಾಗೆ ಸ್ಕೂಬಾ ಕಟ್ಟಿಕೊಂಡು 21 ಅಡಿ ಇಳಿದರೇನೇ ಪ್ರವೇಶ. ಬಾಗಿಲು ಇರುವುದು ನೆಲದಲ್ಲಿ. ಲೋಟ ಕವುಚಿ ನೀರಿಗೆ ಒತ್ತಿದರೆ ಒಳಗೆ ಗಾಳಿ ಉಳಿಯುತ್ತಲ್ಲ, ಅದೇ ಉಪಾಯದಿಂದ ನೀರು ಮೇಲೇರುವುದಿಲ್ಲ. ಇದಕ್ಕೆ ‘ಮೀನಿನ ಹೋಟೆಲ್’ ಅನ್ನುವಂತಿಲ್ಲ, ಕಾರಣ ಮೇಲೆ ಹೇಳಿದ ಆಟೋದವನೇ. ಆದರೆ ಅಲ್ಲಿ ಮೀನುಗಳೇ ಗಾಜಿನಾಚೆ ನಿಂತು ನಮ್ಮನ್ನು ನೋಡುತ್ತವಂತೆ.

ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನ ಅಂಚಿನಲ್ಲಿರುವ ಹೋಟೆಲಿನ ಗೋಡೆ, ಮಂಚ, ಕುರ್ಚಿ ಎಲ್ಲ ಉಪ್ಪಿನ ಇಟ್ಟಿಗೆ. ಗೋಡೆ ನೆಕ್ಕಬೇಡಿ ಎಂದು ಅತಿಥಿಗಳಿಗೆ ಹೇಳಬೇಕಾಗುತ್ತದೆ. ಹೆಸರು ‘ಪಲಾಸಿಯೊ ದೆ ಸಾಲ್’, ಅಂದರೆ ಉಪ್ಪಿನ ಅರಮನೆ. ಹುಡುಗಿ ‘ಉಪ್ಪಿನ ಆಗಾರ’ ಎಂದು ಬರೆದಿದ್ದಳು. ಆಗಾರ ಎಂದರೆ ಮನೆ, ಸರಿಯೇ. ಆದರೆ ಅಚ್ಚಿನಲ್ಲಿ ಒಂದು ದೀರ್ಘ ಬಿದ್ದುಹೋದರೆ ‘ಉಪ್ಪಿನ ಆಗರ’ ಆಗಿ, ಉಪ್ಪು ತೆಗೆಯುವ ನಮ್ಮ ಸಾಣಿಕಟ್ಟೆಗೆ ಬಂದು ನಿಲ್ಲುತ್ತದೆ. ಅರಮನೆ ಅಂತಲೇ ಇರಲಿ ಅಂದೆ.

ಸ್ಟಾಕ್‌ಹೋಮಿನ ಲಾಂಗ್‌ಹೋಲ್ಮೆನ್ ಜೈಲು 1975ರಲ್ಲಿ ಮುಚ್ಚಿತು, ಆಮೇಲೆ ಅದೇ ಹೋಟೆಲ್ ಆಯಿತು. ಇದಕ್ಕೆ ನಮ್ಮಲ್ಲಿ ಪದ ಹುಡುಕಬೇಕಿಲ್ಲ, ‘ಮಾವನ ಮನೆ’ ಇದೆಯಲ್ಲ.

ಸ್ವೀಡನ್ನಿನದೇ ಹರಾಡ್ಸ್ ಎಂಬಲ್ಲಿ 2010ರಲ್ಲಿ ಶುರುವಾದ ಟ್ರೀಹೋಟೆಲ್ ಬಗ್ಗೆ ಬರೆಯುತ್ತಾ ಅವಳು ‘ಮರಮನೆ’ ಎಂದಿದ್ದಾಳೆ. ನನಗೆ ‘ಮಾಳ’ ಹೆಚ್ಚು ಇಷ್ಟ. ಗದ್ದೆಯ ಅಂಚಿನಲ್ಲಿ ಕಂಬ ನೆಟ್ಟು, ಮೇಲೆ ಸೋಗೆ ಹೊದೆಸಿ, ಹಂದಿ ಓಡಿಸಲು ರಾತ್ರಿಯಿಡೀ ಡಬ್ಬಿ ಬಡಿಯುತ್ತಾ ಕೂರುವ ಜಾಗ. ಅಜ್ಜ ನಿದ್ದೆಗೆಡಲು ಹತ್ತುತ್ತಿದ್ದ, ಇವರು ನಿದ್ದೆ ಮಾಡಲು ದುಡ್ಡು ಕೊಟ್ಟು ಹತ್ತುತ್ತಾರೆ. ಅಲ್ಲಿನ ಒಂದು ಕೋಣೆಯ ಹೊರಮೈಯೆಲ್ಲ ಕನ್ನಡಿ, ನಾಲ್ಕು ಮೀಟರಿನ ಚೌಕ. ಕಾಡಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಹಕ್ಕಿಗಳು ಡಿಕ್ಕಿ ಹೊಡೆಯದಂತೆ, ಅವಕ್ಕೆ ಮಾತ್ರ ಕಾಣುವ ಹಾಳೆ ಅಂಟಿಸಿದ್ದಾರೆ.

ಈಗ ನನ್ನ ಪ್ರಶ್ನೆ. ಎಲ್ಲಕ್ಕೂ ಸೇರಿ ನನಗೆ ಹೊಳೆದದ್ದು ‘ಬಿಡಾರ’. ಯಕ್ಷಗಾನ ಮೇಳದವರು ಹಗಲು ಇಳಿದುಕೊಳ್ಳುವ ಜಾಗ ಬಿಡಾರ. ಬೀಡು ಬಿಡುವುದು, ಮದುವೆ ದಿಬ್ಬಣದವರ ಬಿಡದಿ ಮನೆ, ಎಲ್ಲ ಒಂದೇ ಕುಟುಂಬದ ಮಾತು. ನಾಲ್ಕು ದಿನ ಇದ್ದು ಹೊರಡುವುದು ಆ ಪದದಲ್ಲೇ ಇದೆ. ಬೇಸಿಗೆಗೆ ಕರಗುವ ಹೋಟೆಲಿಗಂತೂ ಹೇಳಿ ಮಾಡಿಸಿದ ಹಾಗಿದೆ.

ಹುಡುಗಿ ಒಪ್ಪುತ್ತಿಲ್ಲ. “ಮಾವ, ಬಿಡಾರ ಅಂದ್ರೆ ತೋಟದ ಕೆಲಸದವರ ಗುಡಿಸಲು. ಅಷ್ಟು ದುಡ್ಡು ಕೊಟ್ಟು ಬಿಡಾರದಲ್ಲಿ ಯಾರು ಮಲಗ್ತಾರೆ?” ಅನ್ನುತ್ತಾಳೆ. ಅವಳ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗುತ್ತಿಲ್ಲ.

ನಿಮ್ಮ ಊರುಗಳಲ್ಲಿ ಬಿಡಾರ ಅಂದರೆ ಏನು ಕಣ್ಣಿಗೆ ಬರುತ್ತದೆ? ಬಡತನದ ವಾಸನೆ ಇದೆಯಾ, ಇಲ್ವಾ? ಮರಾಠಿಯ ‘ಬಿರ್ಹಾಡ’ ಬಳಸುವ ಕಾರವಾರದವರೂ ಹೇಳಿ. ಇನ್ನು ‘ವಿಚಿತ್ರ’ ಎಂಬುದನ್ನೂ ಬದಲಿಸಬೇಕೆಂದಿದ್ದೇನೆ, ಅದರಲ್ಲಿ ಸ್ವಲ್ಪ ಮೂಗು ಮುರಿದಂತಿದೆ. ‘ಅಪರೂಪದ ಬಿಡಾರಗಳು’ ಹೇಗೆ? ಸೋಮವಾರ ಲೇಖನ ಕೊಡಬೇಕು, ಅಷ್ಟರೊಳಗೆ ಬರೆದರೆ ಒಳ್ಳೆಯದು.