ಚಾಮರಾಜನಗರದ ಕಪ್ಪು ಕಲ್ಲು ಗ್ರಾನೈಟೇ ಅಲ್ವಂತೆ, ಹೌದಾ? ಅಡುಗೆ ಕಟ್ಟೆಗೆ ಯಾವುದು ಹಾಕಿಸಲಿ?

ಮನೆಕೆಲಸ:
ಮೂರು ಸ್ಲ್ಯಾಬ್ ನೋಡಿಟ್ಟಿದ್ದೇವೆ: ಚಾಮರಾಜನಗರದ ಕಪ್ಪು, ಇಳಕಲ್ ಕೆಂಪು, ಕನಕಪುರದ ಅಲೆಗೆರೆ ಇರೋದು. ಮೂರೂ 18 ಎಂ.ಎಂ. ಅಂಗಡಿಯವರು ಎಲ್ಲವೂ ಗ್ರಾನೈಟ್ ಅಂತಾರೆ. ಭೂವಿಜ್ಞಾನ ಓದಿದ ಪರಿಚಿತರೊಬ್ಬರು ಕೆಂಪು ಮಾತ್ರ ಗ್ರಾನೈಟ್ ಅಂತಾರೆ. ಯಾರ ಮಾತು ನಂಬೋದು? ಅರಿಸಿನ, ಎಣ್ಣೆ ಕಲೆ ಯಾವುದಕ್ಕೆ ಕಮ್ಮಿ? ಸಿಂಕ್ ಕೊರೆಯುವಾಗ ಕಲ್ಲು ಒಡೆಯದಿರಲು ಏನು ಮಾಡಬೇಕು?

ಬೆಣಚು:
ಇಬ್ಬರೂ ಸುಳ್ಳು ಹೇಳ್ತಿಲ್ಲ. ವ್ಯಾಪಾರದಲ್ಲಿ ಗಟ್ಟಿಯಾಗಿ ಪಾಲಿಶ್ ಹಿಡಿಯುವ, ಮಾರ್ಬಲ್ ಅಲ್ಲದ ಕಲ್ಲೆಲ್ಲ ಗ್ರಾನೈಟ್. ಭೂವಿಜ್ಞಾನದಲ್ಲಿ ಲೆಕ್ಕ ಬಿಗಿ: ತಿಳಿಬಣ್ಣದ ಖನಿಜಗಳಲ್ಲಿ ಕ್ವಾರ್ಟ್ಸ್, ಅಂದರೆ ನಮ್ಮ ಬೆಣಚುಕಲ್ಲು, ಶೇ. 20ರಿಂದ 60 ಇರಬೇಕು. ಉಳಿದದ್ದು ಫೆಲ್ಡ್‌ಸ್ಪಾರ್, ಅದರಲ್ಲೂ ಪೊಟ್ಯಾಸಿಯಂ ಇರುವ ಬಗೆಗೆ ದೊಡ್ಡ ಪಾಲು.

ಇಳಕಲ್ ಸ್ಲ್ಯಾಬ್ ಮೇಲೆ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಗಾಜಿನ ಚೂರಿನಂಥ ಬೂದು ಕಾಳು ಕ್ವಾರ್ಟ್ಸ್. ತಲೆ ಆಡಿಸಿದಾಗ ಚಪ್ಪಟೆಯಾಗಿ ಫಳಕ್ಕೆನ್ನುವ ಗುಲಾಬಿ ಕಾಳು ಫೆಲ್ಡ್‌ಸ್ಪಾರ್. ಸೂಜಿಯಲ್ಲಿ ಕೆದಕಿದರೆ ಹಾಳೆ ಹಾಳೆ ಏಳುವ ಕಪ್ಪು ಚುಕ್ಕೆ ಕಾಗೆಬಂಗಾರದ ಜಾತಿಯ ಬಯೋಟೈಟ್. ಕಣ್ಣಿಗೆ ಕಾಣುವಷ್ಟು ಕಾಳು ಬೆಳೆದಿರೋದಕ್ಕೆ ಕಾರಣ, ಶಿಲಾರಸ (ಕರಗಿದ ಕಲ್ಲು) ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲೇ ಉಳಿದು ಬಹಳ ನಿಧಾನವಾಗಿ ಆರಿದ್ದು.

ಚಾಮರಾಜನಗರದ ಕಪ್ಪು ಡಾಲರೈಟ್. ಹಳೇ ಬಂಡೆಯ ಬಿರುಕಿಗೆ ಶಿಲಾರಸ ನುಗ್ಗಿ, ಗೋಡೆಯ ಹಾಗೆ ನಿಂತು, ಬೇಗ ಆರಿದ್ದು. ಅದಕ್ಕೇ ಕಾಳು ಸಣ್ಣ. ಅದರಲ್ಲಿರೋದು ಮುಖ್ಯವಾಗಿ ಪ್ಲೇಜಿಯೋಕ್ಲೇಸ್ (ಇದು ಫೆಲ್ಡ್‌ಸ್ಪಾರಿನ ಇನ್ನೊಂದು ಬಗೆ) ಮತ್ತು ಪೈರಾಕ್ಸೀನ್ (ಕಬ್ಬಿಣ ಇರುವ ಕಪ್ಪು ಖನಿಜ), ಎಲ್ಲ ಖನಿಜಗಳೊಳಗಿನದೂ ಸೇರಿಸಿದರೆ ಸಿಲಿಕಾ ಸುಮಾರು ಶೇ. 50. ಗ್ರಾನೈಟಿನಲ್ಲಿ ಅದು 70ರ ಆಸುಪಾಸು. ಕನಕಪುರದ ಅಲೆಗೆರೆಯದು ನೈಸ್ ಜಾತಿ: ಬಿಸಿ, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಕಲ್ಲು. ಲಾಲ್‌ಬಾಗ್ ಬಂಡೆಯೂ ಅದೇ ಕುಲ. ರಾಮನಗರದ ಗುಡ್ಡಗಳು ಮಾತ್ರ ಅಪ್ಪಟ ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ಆ ಊರಿನ ಹಳೇ ಹೆಸರಿನಿಂದ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನೋದು.

ಕಟಿಂಗ್_ಫಿಟಿಂಗ್:
ಕಟ್ಟೆಗೆ ಕಪ್ಪೇ ಒಳ್ಳೇದು, ಹೆಸರು ಏನಾದರೂ ಇರಲಿ. ಆದರೆ ಬಣ್ಣ ಹಚ್ಚಿದ ಬೂದು ಕಲ್ಲನ್ನೂ ಕಪ್ಪು ಅಂತ ಮಾರ್ತಾರೆ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒಂದು ಮೂಲೆ ಉಜ್ಜಿ. ಬಟ್ಟೆ ಕಪ್ಪಾದರೆ ಆ ಸ್ಲ್ಯಾಬ್ ಬಿಡಿ. ಆಮೇಲೆ ಒಂದು ಚಮಚ ನೀರು ಹಾಕಿ 15 ನಿಮಿಷ ಬಿಟ್ಟು ಒರೆಸಿ. ಒರೆಸಿದ ಜಾಗದ ಬಣ್ಣ ಗಾಢವಾಗಿ ಉಳಿದರೆ ಕಲ್ಲು ನೀರು ಕುಡೀತಿದೆ, ನಾಳೆ ಎಣ್ಣೆಯನ್ನೂ ಕುಡಿಯುತ್ತೆ. ಹಿಂಬದಿ ನೋಡದೆ ದುಡ್ಡು ಕೊಡಬೇಡಿ: ಬಲೆ ಅಂಟಿಸಿದ್ದರೆ ಕಲ್ಲಿನಲ್ಲಿ ಬಿರುಕಿರೋ ಸಾಧ್ಯತೆ ಹೆಚ್ಚು.

ಸಿಂಕ್ ವಿಷಯ. ಒಡೆಯೋದು ಹೆಚ್ಚಾಗಿ ಸಿಂಕಿನ ಮುಂದಿನ ಸಣ್ಣ ಪಟ್ಟಿಯಲ್ಲಿ, ಅದೂ ಮೂಲೆಯಿಂದ ಶುರುವಾಗಿ. ನಾಲ್ಕು ಮೂಲೆಯಲ್ಲೂ ಮೊದಲು ದುಂಡಗೆ ತೂತು ಕೊರೆದು, ಆಮೇಲೆ ತೂತಿನಿಂದ ತೂತಿಗೆ ನೇರ ಕತ್ತರಿಸಬೇಕು. ಬ್ಲೇಡು ಮೂಲೆ ದಾಟಿ ಅರ್ಧ ಇಂಚು ಹೋದರೂ ಸಾಕು, ಆ ಗೀರೇ ಬಿರುಕಾಗುತ್ತೆ. ಮುಂದಿನ ಪಟ್ಟಿ 3 ಇಂಚಾದರೂ ಉಳಿಸಿ. ಅಷ್ಟು ಜಾಗವಿಲ್ಲದಿದ್ದರೆ ಪಟ್ಟಿಯ ಅಡಿಯಲ್ಲಿ ಉದ್ದಕ್ಕೆ ಗಾಡಿ (ಸಣ್ಣ ಕಾಲುವೆ) ಹೊಡೆದು ಸ್ಟೇನ್‌ಲೆಸ್ ಸರಳು ಇಟ್ಟು ಎಪಾಕ್ಸಿ ಅಂಟು ತುಂಬಿಸಿ. ಮಾಮೂಲಿ ಕಬ್ಬಿಣದ ಸರಳು ಬೇಡ. ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತೆ. ಕೊರೆದ ಸ್ಲ್ಯಾಬನ್ನು ನಿಲ್ಲಿಸಿಕೊಂಡೇ ಹೊರಬೇಕು, ಮಲಗಿಸಿಕೊಂಡು ಹೊತ್ತರೆ ಕಥೆ ಮುಗೀತು. 8 ಅಡಿ ಉದ್ದ 2 ಅಡಿ ಅಗಲಕ್ಕೆ ಕೆಂಪು 72 ಕೆ.ಜಿ., ಕಪ್ಪು 80 ಕೆ.ಜಿ. ತೂಗುತ್ತೆ.

ಮನೆಕೆಲಸ:
ಧನ್ಯವಾದ. ಕಪ್ಪಿಗೂ ಸೀಲರ್ (ಕಲೆ ಇಳಿಯದ ಹಾಗೆ ಹಚ್ಚೋ ದ್ರವ) ಹೊಡೆಸಲೇಬೇಕು ಅಂತಿದ್ದಾರೆ ಮೇಸ್ತ್ರಿ.

ಕಟಿಂಗ್_ಫಿಟಿಂಗ್:
ಯಾವುದಾದರೂ ಸರಿ, ಒಂದು ಕೋಟ್ ಹೊಡೆಸಿದರೆ ನಷ್ಟವೇನಿಲ್ಲ.

ಬೆಣಚು:
ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಸೀಲರ್ ಕೆಲಸ ಮಾಡೋದು ಕಲ್ಲಿನೊಳಗೆ ಇಳಿದರೆ ಮಾತ್ರ. ಒತ್ತಾದ ಡಾಲರೈಟ್ ಅದನ್ನು ಕುಡಿಯಲ್ಲ. ಮೇಲೇ ಉಳಿದು ಮಬ್ಬು ಪೊರೆಯಾಗುತ್ತೆ, ಕಪ್ಪಿನ ಮೇಲೆ ಪ್ರತಿ ಬೆರಳಚ್ಚೂ ಕಾಣುತ್ತೆ. ನೀರಿನ ಪರೀಕ್ಷೆಯಲ್ಲಿ ಬಣ್ಣ ಗಾಢವಾದ ಕಲ್ಲಿಗೆ ಮಾತ್ರ ಹಚ್ಚಿಸಿ. ಎಣ್ಣೆ ಇಳಿದರೆ ಅಡುಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಕಲೆ ಮೇಲೆ ಬಳಿದು, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಬಳಿಯಿರಿ. ಆಸಿಡ್ ಹತ್ತಿರಕ್ಕೂ ತರಬೇಡಿ. ಕಪ್ಪು ಖನಿಜದ ಕಬ್ಬಿಣ ಬಿಟ್ಟು ಹಳದಿ ತುಕ್ಕಿನ ಕಲೆ ಏಳುತ್ತೆ.

ಇನ್ನೊಂದು ಮಾತು, ಮನೆಯೊಳಗೆ ಒಣ ಕಟಿಂಗ್ ಮಾಡಿಸಬೇಡಿ. ಕೆಂಪಿನಲ್ಲಿ, ನೈಸಿನಲ್ಲಿ ಕ್ವಾರ್ಟ್ಸ್ ಜಾಸ್ತಿ, ಆ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತೆ. ನೀರು ಬಿಟ್ಟುಕೊಂಡೇ ಕೊರೆಯಲಿ. ಕೊರೆಯುವವರಿಗೆ ಕರ್ಚೀಫು ಸಾಲದು, ಎನ್-95 ಮಾಸ್ಕ್ ನೀವೇ ತಂದುಕೊಡಿ.